ಅಪ್ಪಾಜಿ ಬಿತ್ತಿದ ಹೊಗೆಸೊಪ್ಪು

ಆಷಾಢದ ಒಂದು ಭಾನುವಾರ ಹರಿಹರದಿಂದ ಬಂದ ಅಪ್ಪಾಜಿ ಜೇಬಿನಿಂದ ಕಾಗದದ ಸಣ್ಣ ಪೊಟ್ಟಣವೊಂದನ್ನು ತೆಗೆದು ದೇವರ ಗೂಡಿನ ಪಕ್ಕ ಇಟ್ಟರು. ಯಾರೂ ಏನೂ ಕೇಳಿರಲಿಲ್ಲ. ಆದರೂ, "ಬೀಜ ಅದು, ಯಾರೂ ಮುಟ್ಟಬ್ಯಾಡ್ರಿ" ಎಂದರು. ಕೇಳದೆ ಉತ್ತರ ಕೊಡುವ ಅಭ್ಯಾಸ ಅವರಿಗಿಲ್ಲ. ನನ್ನ ಅನುಮಾನ ಹುಟ್ಟಿದ್ದು ಆ ಮಾತಿನಿಂದ.

ಅವರು ಸ್ನಾನಕ್ಕೆ ಹೋದಾಗ ಪೊಟ್ಟಣ ಬಿಚ್ಚಿದೆ. ಒಳಗೆ ಕಂದು ಬಣ್ಣದ ಪುಡಿ. ನಶ್ಯವೇನೋ ಅನ್ನಿಸುವಷ್ಟು ನಯ. ಬೆರಳಿಗೆ ಅಂಟಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲಷ್ಟೇ ಅದು ಪುಡಿಯಲ್ಲ, ಒಂದೊಂದೂ ಗುಂಡಗಿನ ಕಾಳು ಎಂದು ತಿಳಿಯಿತು. ಮೂಗಿನ ಹತ್ತಿರ ತಂದೆ. ವಾಸನೆ ಇರಲಿಲ್ಲ. ಪೊಟ್ಟಣವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿಟ್ಟು ಅಡುಗೆಮನೆಗೆ ಬಂದೆ. ಊಟಕ್ಕೆ ಕೂತಾಗ ಏನು ಬೀಜ ಎಂದು ಕೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಹೊಗೆಸೊಪ್ಪು" ಎಂದರು.

ಬಡಿಸುತ್ತಿದ್ದ ಅಮ್ಮನ ಕೈ ಹಾಗೇ ನಿಂತಿತು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅಪ್ಪಾಜಿಯ ಎಡಗೆನ್ನೆಯ ಒಳಗೆ ಬಿಳಿಯ ಕಲೆಯೊಂದು ಕಾಣಿಸಿಕೊಂಡಿತ್ತು. ಖಾರ ತಿಂದರೆ ಉರಿಯುತ್ತಿತ್ತು. ನಾನೇ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನನ್ನದೇ ವಯಸ್ಸಿನ ಡಾಕ್ಟರು, ಸಣ್ಣ ಕನ್ನಡಿ ಒಳಗಿಟ್ಟು ಕಲೆಯನ್ನು ನನಗೂ ತೋರಿಸಿದರು. ಇದು ಇನ್ನೂ ಕಾಯಿಲೆಯಲ್ಲ, ಹೊಗೆಸೊಪ್ಪು ಇವತ್ತೇ ಬಿಟ್ಟರೆ ಇಲ್ಲಿಗೇ ನಿಲ್ಲಬಹುದು ಎಂದರು. ಬಿಡದಿದ್ದರೆ ಏನು ಎಂದು ಅಪ್ಪಾಜಿ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಹೇಳಲು ಡಾಕ್ಟರು ಕಾಯುತ್ತಿದ್ದರು ಎಂದು ನನಗೆ ಗೊತ್ತಾಯಿತು.

ಅಪ್ಪಾಜಿಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಅಲ್ಲಿ ಮಾತು ಶುರುವಾಗುವುದೇ ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸುವುದರಿಂದ. ವ್ಯಾಪಾರಿ ಕೂತು, ಎಲೆಗೆ ಸುಣ್ಣ ಹಚ್ಚಿ, ಹೊಗೆಸೊಪ್ಪು ಮುರಿದು ಅಂಗೈಯಲ್ಲಿ ತಿಕ್ಕಿ, ಬಾಯಿಗೆ ಹಾಕಿಕೊಂಡ ಮೇಲೆಯೇ ತೊಗರಿಯ ಮಾತು ಬರುತ್ತದೆ. ಮೂವತ್ತು ವರ್ಷ ಹಾಗೆ ಕಳೆದವರು ಆಸ್ಪತ್ರೆಯಿಂದ ಬಂದ ದಿನವೇ ಬಿಟ್ಟರು. ಜೇಬಿನಲ್ಲಿ ಲವಂಗ ಇಟ್ಟುಕೊಂಡರು. ಅಂಗಡಿಗೆ ಅರ್ಧ ದಿನ ಮಾತ್ರ ಹೋಗತೊಡಗಿದರು. ಮನೆಯವರೆಲ್ಲ ನಂಬಿದರು.

ನಾನು ನಂಬಿದೆ ಎಂದು ಹೇಳಲಾರೆ. ಬಟ್ಟೆ ಒಗೆಯಲು ಹಾಕುವಾಗ ಅವರ ಜೇಬುಗಳನ್ನು ಒಳಮಗ್ಗಲು ಮಾಡಿ ನೋಡುತ್ತಿದ್ದೆ. ಸ್ಕೂಟರಿನ ಡಿಕ್ಕಿ, ಹಾಸಿಗೆಯ ಕೆಳಗೆ, ಹಿತ್ತಲಿನ ಬಚ್ಚಲ ಗೋಡೆಯ ಸಂದು, ಎಲ್ಲವನ್ನೂ ನೋಡುತ್ತಿದ್ದೆ. ಏನೂ ಸಿಗಲಿಲ್ಲ. ಹರಿಹರದ ಪಿಯು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಒಂದು ವಸ್ತು ಸಿಗಲಿಲ್ಲ ಎಂದರೆ ಅದು ಇಲ್ಲ ಎಂದಲ್ಲ, ನಮ್ಮ ಪರೀಕ್ಷೆಗೆ ಸಿಗಲಿಲ್ಲ ಎಂದಷ್ಟೇ ಅರ್ಥ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ.

ಅಂಥ ಮನೆಗೆ ಈಗ ಹೊಗೆಸೊಪ್ಪಿನ ಬೀಜ ಬಂದಿತ್ತು. ಅಪ್ಪಾಜಿಯ ವಿವರಣೆ ಸಿದ್ಧವಾಗಿಯೇ ಇತ್ತು. ಹಿತ್ತಲಿನ ದಾಸವಾಳಕ್ಕೆ ಬಿಳಿ ಹುಳು ಹತ್ತಿದೆ, ಹೊಗೆಸೊಪ್ಪಿನ ಕಷಾಯ ಹೊಡೆದರೆ ಹೋಗುತ್ತದೆ, ಹರಿಹರದ ಅಕ್ಕನ ಹಿತ್ತಲಲ್ಲಿ ಗಿಡ ಇವೆ, ಬೀಜ ತಂದೆ. ಬೇವಿನೆಣ್ಣೆ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದೆ. ಅದು ಕಲಬೆರಕೆ ಎಂದರು. ಅಷ್ಟು ದಿನ ದಾಸವಾಳದ ಕಡೆ ಕಣ್ಣೆತ್ತಿಯೂ ನೋಡದವರು ಅವರು.

ಬಿತ್ತುವ ಕೆಲಸವನ್ನು ಮಾತ್ರ ಬಹಳ ನಿಷ್ಠೆಯಿಂದ ಮಾಡಿದರು. ಹಳೆಯ ಟಬ್ಬಿಗೆ ಮಣ್ಣು ಮತ್ತು ಗೊಬ್ಬರ ಜರಡಿ ಹಿಡಿದು ತುಂಬಿದರು. ಬೀಜಕ್ಕೆ ಒಲೆಯ ಬೂದಿ ಬೇಕು ಎಂದು ನೆರೆಮನೆಯಿಂದ ಕೇಳಿ ತಂದರು. ಬೀಜ ಅಷ್ಟು ಸಣ್ಣದಿದ್ದರೆ ಒಂದೇ ಕಡೆ ಬೀಳುತ್ತದೆ. ಬೂದಿ ಬೆರೆಸಿದರೆ ಕೈಗೆ ಹಿಡಿತ ಬರುತ್ತದೆ, ಬಿದ್ದ ಜಾಗವೂ ಕಾಣುತ್ತದೆ. ಉದುರಿಸಿ, ಮೇಲೆ ಮಣ್ಣು ಮುಚ್ಚದೆ, ತೆಳುವಾಗಿ ಹುಲ್ಲು ಹಾಸಿದರು. ನೀರನ್ನು ಚೊಂಬಿನಿಂದ ಸುರಿಯದೆ ಕೈಯಿಂದ ಚಿಮುಕಿಸಿದರು. ನಾನು ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹುಳುವಿಗಾಗಿ ಇಷ್ಟು ಕಷ್ಟ ಯಾರು ಪಡುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹತ್ತು ಹನ್ನೆರಡು ದಿನಕ್ಕೆ ಹುಲ್ಲಿನ ಕೆಳಗೆ ಹಸಿರು ಚುಕ್ಕೆಗಳು ಕಂಡವು. ಶ್ರಾವಣ ಮುಗಿಯುವಷ್ಟರಲ್ಲಿ ಚುಕ್ಕೆಗಳು ಅಂಗೈಯಷ್ಟಾದವು. ಅಪ್ಪಾಜಿ ಚೆನ್ನಾಗಿದ್ದ ಐದನ್ನು ಉಳಿಸಿಕೊಂಡು ಬಚ್ಚಲ ಗೋಡೆಗೆ ಸಾಲಾಗಿ ನೆಟ್ಟರು. ಉಳಿದವನ್ನು ಕಿತ್ತು ಎಸೆದರು. ಎಸೆದದ್ದನ್ನು ನಾನು ಹೋಗಿ ನೋಡಿ ಬಂದೆ.

ನನ್ನ ನಿಜವಾದ ಅನುಮಾನ ಹರಿಹರದ ಅತ್ತೆಯ ಮೇಲಿತ್ತು. ಅತ್ತೆ ಅಪ್ಪಾಜಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿದವರು ಅವರೇ. ಮಾವ ಹೋಗಿ ಬಹಳ ವರ್ಷಗಳಾದವು. ಹೊಳೆಯ ಕಡೆಯ ಓಣಿಯಲ್ಲಿ ಒಬ್ಬರೇ ಇರುತ್ತಾರೆ, ಅದರಲ್ಲೇ ಅವರಿಗೆ ಸುಖ. ಬಾಯಲ್ಲಿ ಎಲೆ ಅಡಿಕೆ ಇಲ್ಲದ ಅತ್ತೆಯನ್ನು ನಾನು ಕಂಡದ್ದಿಲ್ಲ, ಜೊತೆಗೆ ಹೊಗೆಸೊಪ್ಪು ಇದ್ದೇ ಇರುತ್ತದೆ. ಅಪ್ಪಾಜಿ ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದರು. ಹೋದಾಗಲೆಲ್ಲ ತಮ್ಮನಿಗೆ ತನ್ನ ಕೈಯಿಂದ ಎಲೆ ಮಡಚಿಕೊಡುವುದು ಅತ್ತೆಯ ಪದ್ಧತಿ. ಆ ಎಲೆಯ ಒಳಗೆ ಏನಿರುತ್ತದೆ ಎಂದು ನಮಗೆ ಯಾರು ಹೇಳಬೇಕು?

ಒಂದು ಸಂಜೆ ಕಾಲೇಜು ಬಿಟ್ಟ ಮೇಲೆ ದಾವಣಗೆರೆಯ ಬಸ್ಸು ಹತ್ತದೆ ಅವರ ಮನೆಗೆ ಹೋದೆ. ಹಾಗೆ ಹೇಳದೆ ಹೋದದ್ದು ಅದೇ ಮೊದಲು. ಅತ್ತೆ ಹಿತ್ತಲಲ್ಲಿದ್ದರು. ಅಲ್ಲಿ ಆರೇಳು ಹೊಗೆಸೊಪ್ಪಿನ ಗಿಡಗಳು ನನ್ನ ಎದೆಯೆತ್ತರಕ್ಕೆ ನಿಂತಿದ್ದವು. ಎಲೆಗಳು ಮೊರದಷ್ಟು ಅಗಲ. ಅತ್ತೆ ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ.

"ನಿಮ್ಮಪ್ಪನ್ನ ಕಾಯಾಕೆ ಬಂದೀಯೇನು? ಅವನು ಇವತ್ತು ಬಂದಿಲ್ಲ. ಬೇಕಾದ್ರೆ ಕಣಜದಾಗೆ ಹುಡುಕು."

ಸುಮ್ಮನೆ ಬಂದೆ ಅತ್ತೆ ಎಂದೆ. ಅವರು ನಕ್ಕರು. ಕೂತುಕೊಳ್ಳಲು ಹೇಳಿ, ಒಂದೊಂದೇ ಗಿಡದ ಹತ್ತಿರ ಹೋಗಿ ತುದಿಯಲ್ಲಿ ಮೂಡುತ್ತಿದ್ದ ಮೊಗ್ಗಿನ ಗೊಂಚಲನ್ನು ಪಟ್ಟನೆ ಮುರಿದು ಎಸೆಯತೊಡಗಿದರು. ಯಾಕೆ ಎಂದು ಕೇಳಿದೆ. ಹೂವು ಬಿಡಲು ಬಿಟ್ಟರೆ ಗಿಡದ ಸತ್ವವೆಲ್ಲ ಹೂವಿಗೆ, ಬೀಜಕ್ಕೆ ಹೋಗಿ ಎಲೆ ತೆಳ್ಳಗಾಗುತ್ತದೆ, ತಿನ್ನಲು ಬರುವುದಿಲ್ಲ ಎಂದರು. ತುದಿ ಮುರಿದರೆ ಎಲೆ ದಪ್ಪವಾಗುತ್ತದೆ, ಅಂಟು ಕೂಡುತ್ತದೆ, ಖಾರ ಬರುತ್ತದೆ. ಆಮೇಲೆ ಎಲೆಯ ಕಂಕುಳಲ್ಲಿ ಚಿಗುರು ಒಡೆಯುತ್ತದೆ. ಅದನ್ನೂ ದಿನಾ ಕೀಳುತ್ತಿರಬೇಕು. ಹುಳುವಿನ ಔಷಧಿಗಾದರೆ ಇಷ್ಟೆಲ್ಲ ಬೇಕಿಲ್ಲ, ಎಂಥ ಎಲೆಯಾದರೂ ನಡೆಯುತ್ತದೆ.

ನನಗೆ ಬೇಕಾದ ಪರೀಕ್ಷೆ ಸಿಕ್ಕಿತು. ಎದ್ದು ನಿಂತು, ಕೇಳಬೇಕೆಂದು ಬಂದದ್ದನ್ನೂ ಕೇಳಿಬಿಟ್ಟೆ.

"ಅಪ್ಪಾಜಿಗೆ ಎಲೆ ಮಡಚಿ ಕೊಡ್ತೀರಲ್ಲ ಅತ್ತೆ, ಅದರಾಗೆ ಹೊಗೆಸೊಪ್ಪು ಹಾಕ್ತೀರಾ?"

ಅತ್ತೆ ಕೈಯಲ್ಲಿದ್ದ ಮೊಗ್ಗನ್ನು ಕೆಳಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು. "ಅವನಿಗೆ ಎಲೆ ಕೊಡೋದು ಬಿಟ್ಟು ವರ್ಷ ಆತು. ನೀರು ಕೊಡ್ತೀನಿ, ಕುಡೀತಾನೆ. ನಾನು ಹಾಕ್ಕೊಂಡಾಗ ಎದ್ದು ಹೊರಗೆ ಹೋಗಿ ಕೂಡ್ತಾನೆ. ಇಷ್ಟು ಓದೀಯ, ಕೇಳಾಕೆ ಒಂದು ವರ್ಷ ಬೇಕಾತೇನು ನಿನಗೆ?"

ಬಸ್ಸಿನಲ್ಲಿ ಬರುವಾಗ ಅತ್ತೆಯ ಮಾತನ್ನು ಮತ್ತೆ ಮತ್ತೆ ತೂಗಿ ನೋಡಿದೆ. ತಮ್ಮನನ್ನು ಕಾಪಾಡಲು ಅಕ್ಕ ಸುಳ್ಳು ಹೇಳುವುದಿಲ್ಲ ಎಂದು ಏನು ಖಾತ್ರಿ? ಆದರೆ ಗಿಡ ಸುಳ್ಳು ಹೇಳುವುದಿಲ್ಲ. ನಮ್ಮ ಹಿತ್ತಲಲ್ಲಿ ಮೊಗ್ಗು ಬರಲಿ, ನೋಡೋಣ ಎಂದುಕೊಂಡೆ.

ದಸರಾ ಕಳೆಯಿತು. ಅಷ್ಟರೊಳಗೆ ಅಪ್ಪಾಜಿ ಒಮ್ಮೆ ಬುಡದ ಎಲೆಗಳನ್ನು ಕಿತ್ತರು. ನಾನು ಕಾಲೇಜಿಗೆ ಹೊರಡುವ ಮುಂಚೆ ಎಲೆಗಳನ್ನು ನೋಡಿ ಹೋಗುತ್ತಿದ್ದುದರಿಂದ ಸಂಜೆ ತಕ್ಷಣ ಗೊತ್ತಾಯಿತು. ಕೇಳುವ ಮೊದಲೇ ಅಮ್ಮನ ಜಗಳ ಕೇಳಿಸಿತು. ಬೇಳೆ ಬೇಯಿಸುವ ಪಾತ್ರೆಯಲ್ಲಿ ಅಪ್ಪಾಜಿ ಆ ಎಲೆಗಳನ್ನು ಕುದಿಸಿದ್ದರು. ಪಾತ್ರೆಗೆ ಎಷ್ಟು ಹುಣಸೆಹಣ್ಣು ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. ಕಷಾಯಕ್ಕೆ ಸೋಪಿನ ಚೂರು ಕರಗಿಸಿ ದಾಸವಾಳಕ್ಕೆ ಹೊಡೆದದ್ದೂ ನಿಜ. ಅದರ ಎಲೆಗಳ ಮೇಲೆ ಕಂದು ಕಲೆ ಕಂಡಿತು, ವಾರದಲ್ಲಿ ಹುಳುವೂ ಉದುರಿತು. ಕಿತ್ತ ಎಲೆಗೂ ಕುದಿಸಿದ ಎಲೆಗೂ ಲೆಕ್ಕ ಹೊಂದುತ್ತದೆಯೇ ಎಂದು ಕಸದ ಬುಟ್ಟಿಯಲ್ಲಿ ಬೆಂದ ಚರಟವನ್ನು ಕಡ್ಡಿಯಿಂದ ಕೆದಕಿ ನೋಡಿದೆ. ಹೊಂದುವ ಹಾಗೆ ಕಂಡಿತು. ಬೆಂದ ಎಲೆಯ ವಿಷಯದಲ್ಲಿ ಖಚಿತವಾಗಿ ಹೇಳುವುದು ಕಷ್ಟ.

ದೀಪಾವಳಿಗೆ ಎರಡು ವಾರ ಮೊದಲೇ ಮೊಗ್ಗು ಬಂತು. ಅಪ್ಪಾಜಿ ಮುರಿಯಲಿಲ್ಲ. ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಗಿಡಗಳ ಮುಂದೆ ನಿಲ್ಲುತ್ತಿದ್ದರು, ಒಳಗೆ ಬರುತ್ತಿದ್ದರು, ಅಷ್ಟೆ. ಮೊಗ್ಗು ಉದ್ದವಾಗಿ, ತುತ್ತೂರಿಯ ಹಾಗೆ ತಿಳಿ ಗುಲಾಬಿ ಹೂವುಗಳು ಬಿಟ್ಟವು. ಹೊಗೆಸೊಪ್ಪಿಗೆ ಅಷ್ಟು ಚೆಂದದ ಹೂವಿದೆ ಎಂದು ನನಗೆ ಗೊತ್ತಿರಲಿಲ್ಲ. ಎಲೆಗಳು ಅತ್ತೆ ಹೇಳಿದಂತೆಯೇ ತೆಳ್ಳಗಿದ್ದವು, ಬಿಸಿಲಿಗೆ ಜೋತುಬೀಳುತ್ತಿದ್ದವು. ಒಂದು ವರ್ಷದಲ್ಲಿ ಮೊದಲ ಬಾರಿ ಅವರ ಅಂಗಿಯನ್ನು ಜೇಬು ನೋಡದೆ ಒಗೆಯಲು ಹಾಕಿದೆ.

ಕಾರ್ತೀಕದ ಮೊದಲ ಸೋಮವಾರ ಸಂಜೆ ಮನೆಗೆ ಬಂದಾಗ ಐದು ಗಿಡಗಳ ತುದಿಯೂ ಇರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಕತ್ತರಿಯಿಂದ ಕತ್ತರಿಸಿದ್ದಲ್ಲ, ಬೆರಳಿನಿಂದ ಮುರಿದದ್ದು. ಹೂವಿನ ಗೊಂಚಲು ಬುಡಸಮೇತ ಹೋಗಿತ್ತು. ಕೆಳಗೆ ಒಂದು ಎಸಳೂ ಬಿದ್ದಿರಲಿಲ್ಲ. ಮುರಿದವರು ಜಾಗವನ್ನೂ ಚೊಕ್ಕಟ ಮಾಡಿದ್ದರು. ಅಪ್ಪಾಜಿ ಒಳಗೆ ಟಿ.ವಿ. ನೋಡುತ್ತಿದ್ದರು. ಒಂದು ಸಲ ಮುರಿದದ್ದನ್ನು ಏನಾದರೂ ಹೇಳಿ ಸಮರ್ಥಿಸಿಕೊಳ್ಳಬಹುದು. ಮುಂದಿನದಕ್ಕಾಗಿ ಕಾಯಬೇಕು ಎಂದುಕೊಂಡೆ.

ಮುಂದಿನದು ಕಂಕುಳ ಚಿಗುರು. ಒಂದು ವಾರ ಕಳೆಯುವಷ್ಟರಲ್ಲಿ ಎಲೆಯ ಬುಡಗಳಲ್ಲಿ ಅದು ಒಡೆಯತೊಡಗಿತು. ಇವತ್ತು ಕಂಡದ್ದು ನಾಳೆ ಇರುತ್ತಿರಲಿಲ್ಲ. ಪ್ರತಿದಿನ ಯಾರೋ ಕೀಳುತ್ತಿದ್ದರು. ಎಲೆಗಳು ದಪ್ಪವಾದವು, ಬಣ್ಣ ಗಾಢವಾಯಿತು, ಮುಟ್ಟಿದರೆ ಬೆರಳಿಗೆ ಜೇನಿನಂತೆ ಅಂಟಿಕೊಂಡವು. ಆ ದಿನಗಳಲ್ಲಿ ಅಪ್ಪಾಜಿ ಊಟ ಬೇಗ ಮುಗಿಸುತ್ತಿದ್ದರು, ಮಾತು ಕಡಿಮೆ ಮಾಡಿದ್ದರು. ಮತ್ತೆ ಜೇಬುಗಳನ್ನು ನೋಡತೊಡಗಿದೆ. ಕಲೆಯನ್ನು ಮತ್ತೆ ಆಸ್ಪತ್ರೆಯಲ್ಲಿ ತೋರಿಸಬೇಕಾದ ದಿನ ಹತ್ತಿರ ಬರುತ್ತಿತ್ತು. ಡಾಕ್ಟರು ಕನ್ನಡಿ ಒಳಗಿಟ್ಟು ನನ್ನನ್ನು ಹತ್ತಿರ ಕರೆಯುವುದನ್ನು ನೆನೆಸಿಕೊಂಡಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿ ಗಿಡಗಳನ್ನು ಇನ್ನೊಮ್ಮೆ ನೋಡಿ ಬರುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಇನ್ನು ಕಾಯುವುದು ನನ್ನಿಂದಾಗಲಿಲ್ಲ. ಇಬ್ಬನಿ ಇನ್ನೂ ಆರಿರಲಿಲ್ಲ. ಅಪ್ಪಾಜಿ ಗಿಡಗಳ ಹತ್ತಿರ ನಿಂತಿದ್ದರು. ಹಿಂದಿನಿಂದ ಹೋಗಿ ಕೇಳಿದೆ.

"ತುದಿ ಯಾಕ ಮುರಿದ್ರಿ ಅಪ್ಪಾಜಿ?"

ಅವರು ಬೆಚ್ಚಿದರು. ಆಮೇಲೆ ನಿಧಾನವಾಗಿ, "ನಾನು ಮುರಿದಿಲ್ಲ" ಎಂದರು.

"ತುದಿ ಮುರಿಯೋದು ಯಾತಕ್ಕೆ ಅಂತ ನಂಗೆ ಗೊತ್ತೈತೆ. ಅತ್ತೆ ಹೇಳ್ಯಾರೆ."

"ನಾನು ಮುರಿದಿಲ್ಲ ಅಂದ್ನಲ್ಲ."

ಹಿಂದಿನ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದ ಅಮ್ಮ ಮೊರ ಕೆಳಗಿಟ್ಟಳು. "ಅದಕ್ಯಾಕ ಇಷ್ಟು ಪಂಚಾಯ್ತಿ? ನಾನೇ ಮುರ್ಕೊಂಡು ಹೋದೆ. ಕಾರ್ತೀಕ ಸೋಮವಾರ, ದಾಸವಾಳ ನಿಮ್ಮ ಔಷಧಿ ಹೊಡೆದು ಮೊಗ್ಗು ಉದುರಿಸಿತ್ತು, ಕೈಯಾಗೆ ಹೂವಿಲ್ಲದೆ ಗುಡಿಗೆ ಹೆಂಗೆ ಹೋಗೋದು? ಇವು ಗುಲಾಬಿ ಬಣ್ಣದಾಗೆ ಚೆಂದ ಇದ್ದವು. ಗೊಂಚಲು ಗೊಂಚಲೇ ಒಯ್ದು ಈಶ್ವರನಿಗೆ ಏರಿಸಿ ಬಂದೆ."

ಹೊಗೆಸೊಪ್ಪಿನ ಹೂವನ್ನು ದೇವರಿಗೆ ಏರಿಸಿದೆಯಾ ಎಂದು ನಾನು ಕೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

"ಅವನಿಗೆ ಎಕ್ಕದ ಹೂ ನಡೀತೈತೆ, ದತ್ತೂರಿ ಹೂ ನಡೀತೈತೆ. ಇದೊಂದು ನಡೆಯಲ್ಲೇನು? ಸ್ವಾಮ್ಯಾರು ಸುಮ್ನೆ ತಗಂಡು ಇಟ್ರು."

ಅಪ್ಪಾಜಿ ನಕ್ಕರು. ನನಗೂ ಮೈ ಹಗುರವಾದಂತಾಗಿ ನಗು ಬಂತು. ಪ್ರತಿವರ್ಷ ಕಾರ್ತೀಕದಲ್ಲಿ ಹಿತ್ತಲಿನ ಯಾವ ಹೂವನ್ನೂ ಅಮ್ಮ ಬಿಡುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ಒಳಗೆ ಹೋಗಲು ತಿರುಗಿದೆ. ಆಗ ನನ್ನ ಕಣ್ಣು ಎಲೆಯ ಕಂಕುಳುಗಳ ಮೇಲೆ ಬಿತ್ತು. ಹಿಂದಿನ ಸಂಜೆ ಕಂಡಿದ್ದ ಚಿಗುರು ಈಗ ಇರಲಿಲ್ಲ. ಅಮ್ಮನಿಗೆ ಹೂವು ಬೇಕು, ಚಿಗುರು ಯಾಕೆ ಬೇಕು?

ನಾನು ನಿಂತದ್ದನ್ನು ಅಪ್ಪಾಜಿ ನೋಡಿದರು. ನಗು ನಿಲ್ಲಿಸಿ, ಹಿಡಿದಿದ್ದ ಮುಷ್ಟಿಯನ್ನು ಬಿಚ್ಚಿದರು. ಅಂಗೈಯಲ್ಲಿ ಆಗಷ್ಟೇ ಕಿತ್ತ ಚಿಗುರುಗಳಿದ್ದವು.

"ತುದಿ ಮುರಿದಿದ್ದು ನಿಮ್ಮಮ್ಮ. ಇದು ನಾನು."

ಅಮ್ಮ ಅಲ್ಲೇ ಬಾಗಿಲಿಗೆ ಒರಗಿದಳು. ಅಪ್ಪಾಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದರು. ಹುಳುವಿಗೆ ಎಂದು ಹೇಳಿದ್ದು ಸುಳ್ಳಲ್ಲ, ಆದರೆ ಅದಷ್ಟೇ ಅಲ್ಲ. ಬಿಟ್ಟ ಮೇಲೆ ಅದು ಮನೆಯಲ್ಲಿ, ಕಣ್ಣೆದುರು ಎಲ್ಲೋ ಇರಲಿ ಅನ್ನಿಸಿತ್ತು. ಅಂಗಡಿಯ ಸೊಪ್ಪು ತಂದಿಟ್ಟುಕೊಂಡರೆ ಒಂದು ದಿನ ಬಾಯಿಗೆ ಹೋಗುತ್ತದೆ. ಗಿಡವಾದರೆ ಹೂವು ಬಿಡಲಿ ಎಂದು ಬಿಟ್ಟರಾಯಿತು, ಎಲೆ ತೆಳ್ಳಗಾಗಿ ಉಪಯೋಗಕ್ಕೆ ಬರುವುದಿಲ್ಲ. ಹಾಗೆ ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡಿದ್ದರು. ತುದಿ ಹೋದದ್ದನ್ನು ಕಂಡ ದಿನ ಬೇಸರವೇ ಆಗಿತ್ತು. ಮಾರನೆಯ ವಾರ ಚಿಗುರು ಕಂಡಾಗ ಕೈ ತಾನೇ ಮುಂದೆ ಹೋಯಿತು.

"ದಿನಾ ಬಂದು ಕೀಳ್ತಿದ್ದೆ. ಬೆರಳಿಗೆ ಅಂಟು ಹತ್ತತಿತ್ತು. ಆ ವಾಸನೆ ಇಟ್ಕೊಂಡೇ ಅಂಗಡಿಗೆ ಹೋಗ್ತಿದ್ದೆ."

"ಬಾಯಿಗೆ ಹಾಕ್ಕೊಂಡ್ರಾ?"

"ಇಲ್ಲ."

"ನಿಜ ಹೇಳ್ರಿ ಅಪ್ಪಾಜಿ."

"ಇವತ್ತಿನ ತನಕ ಇಲ್ಲ. ಮುಂದಿನ ವಾರ ಕೇಳಿದ್ರೆ ಏನು ಹೇಳ್ತೀನೋ ಗೊತ್ತಿಲ್ಲ. ನೀನು ನನ್ನ ಜೇಬು ನೋಡ್ತೀಯ ಅಂತ ನಂಗೆ ಗೊತ್ತೈತೆ. ನೋಡು. ಬಿಡಬ್ಯಾಡ." ಅಂಗೈಯ ಚಿಗುರುಗಳನ್ನು ಕೆಳಗೆ ಹಾಕಿ, "ಇವನ್ನ ಈಗ್ಲೇ ಕಿತ್ತು ಹಾಕು. ನನ್ನ ಕೈಲಿ ಕೀಳಸಬ್ಯಾಡ" ಎಂದು ಎದ್ದು, ಬಚ್ಚಲಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡು, ಪಕ್ಕದ ಸಂದಿಯಿಂದ ಮನೆಯ ಮುಂದಕ್ಕೆ ಹೋದರು.

ನಾನು ಆಗಲೇ ಕಿತ್ತೆ. ನೆಲ ಹಸಿಯಿದ್ದುದರಿಂದ ಬೇರು ಸುಲಭವಾಗಿ ಬಂತು. ಎಲೆಗಳು ಇಬ್ಬನಿಯಲ್ಲಿ ತೋಯ್ದಿದ್ದವು. ತೋಳಿಗೆ, ಕುತ್ತಿಗೆಗೆ ಅಂಟಿದವು. ಒಣಗಲು ಎಲ್ಲೂ ಒಂದು ತುಂಡೂ ಉಳಿಯಬಾರದು ಎಂದು ದಂಟು ಎಲೆ ಎಲ್ಲವನ್ನೂ ಚೂರು ಮಾಡಿ ಗೊಬ್ಬರದ ಚೀಲಕ್ಕೆ ತುಂಬಿದೆ. ಮೇಲೆ ಒಂದು ಬಕೆಟ್ ಸಗಣಿ ನೀರು ಸುರಿದೆ. ಕಸದ ಗಾಡಿಯ ಹಾಡು ಓಣಿಯ ತುದಿಯಲ್ಲಿ ಕೇಳಿಸಿದಾಗ ನಾನೇ ಎಳೆದುಕೊಂಡು ಹೋಗಿ ಗಾಡಿಗೆ ಹಾಕಿಸಿ, ಅದು ತಿರುವು ದಾಟುವವರೆಗೂ ನೋಡುತ್ತ ನಿಂತೆ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪಾಜಿ ಚೀಲದ ಕಡೆ ನೋಡಲಿಲ್ಲ.

ಒಳಗೆ ಬಂದು ಸ್ವಲ್ಪ ಹೊತ್ತಿಗೆ ತಲೆ ಸುತ್ತತೊಡಗಿತು. ಬಾಯಲ್ಲಿ ನೀರೂರಿ, ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಅಮ್ಮ ಗಾಬರಿಯಾಗಿ ಕೂಗಿದಾಗ ಅಪ್ಪಾಜಿ ಗೇಟಿನಿಂದಲೇ ವಿಚಾರಿಸಿದರು. ಹಸಿ ಸೊಪ್ಪಿನ ರಸ ಚರ್ಮದೊಳಗೆ ಇಳಿದಿದೆ, ಇಬ್ಬನಿಯಲ್ಲಿ ಕಿತ್ತರೆ ಹೀಗಾಗುತ್ತದೆ, ಚಿಕ್ಕಂದಿನಲ್ಲಿ ತಮಗೂ ಆಗಿತ್ತು, ಹೆದರಬೇಡ ಎಂದರು. ಬಟ್ಟೆ ಬದಲಾಯಿಸಿ, ಮೈಗೆಲ್ಲ ಸೋಪು ಹಚ್ಚಿ ತೊಳೆದು, ನಿಂಬೆಹಣ್ಣಿನ ಪಾನಕ ಕುಡಿಸಲು ಹೇಳಿದರು. ಅವರೇ ಎದ್ದು ಬರಲಿಲ್ಲ.

ಸ್ನಾನ ಮಾಡಿ, ಪಾನಕ ಕುಡಿದು, ಪಡಸಾಲೆಯ ಕಿಟಕಿಯ ಹತ್ತಿರ ಕೂತೆ. ಉಗುರಿನ ಸಂದುಗಳಲ್ಲಿ ಕಪ್ಪು ಅಂಟು ಉಳಿದಿತ್ತು. ಅಮ್ಮ ನಿಂಬೆಯ ಸಿಪ್ಪೆ ತಂದು ಒಂದೊಂದೇ ಬೆರಳು ತಿಕ್ಕುತ್ತಿದ್ದಳು. ಅಪ್ಪಾಜಿ ಬಿಸಿಲಿಗೆ ಟವೆಲ್ಲು ತಲೆಗೆ ಹಾಕಿಕೊಂಡು ಬೀದಿಯ ಕಡೆ ಮುಖ ಮಾಡಿದ್ದರು.

"ಈಗ ಹೆಂಗೈತವ್ವ?" ಎಂದು ತಿರುಗದೆಯೇ ಕೇಳಿದರು.

ತಲೆ ಸುತ್ತುವುದು ನಿಂತಿದೆ, ಒಳಗೆ ಬನ್ನಿ, ತಿಂಡಿ ಆಗಿದೆ ಎಂದೆ.

"ಕೈಯಾಗಿನ ವಾಸನೆ ಹೋತಾ?"

ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿದೆ. "ಇನ್ನೂ ಐತೆ ಅಪ್ಪಾಜಿ."

"ಹಂಗಾದ್ರೆ ತೊಳಕೋ. ಅಲ್ಲೀತನಕ ನಾನು ಇಲ್ಲೇ ಕೂಡ್ತೀನಿ."